ನೆಲೆ ನಿಲ್ಲದ ಮರಳು: ರಾಮೇಶ್ವರ–ಮನ್ನಾರ್ ಜಲಸಂಧಿಯ ಚರಿತ್ರೆ

2024ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಒಂದು ನಕ್ಷೆ ಅಚ್ಚಾಯಿತು. ಅದನ್ನು ತಯಾರಿಸಿದವರು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಜೋಧಪುರ ಮತ್ತು ಹೈದರಾಬಾದ್ ವಿಜ್ಞಾನಿಗಳು. ರಾಮೇಶ್ವರ ದ್ವೀಪದ ಧನುಷ್ಕೋಡಿಯಿಂದ ಶ್ರೀಲಂಕಾದ ಮನ್ನಾರ್ ದ್ವೀಪದ ತಲೈಮನ್ನಾರ್‌ವರೆಗೆ ಸಮುದ್ರದಲ್ಲಿ 29 ಕಿಲೋಮೀಟರ್ ಉದ್ದಕ್ಕೆ ಒಂದು ದಿಬ್ಬ ಹಬ್ಬಿದೆ. ನಾವು ರಾಮಸೇತು ಎನ್ನುತ್ತೇವೆ, ಭೂಪಟಗಳಲ್ಲಿ ಆ್ಯಡಮ್ಸ್ ಬ್ರಿಜ್ ಎಂದಿರುತ್ತದೆ. ಆ ದಿಬ್ಬ ನೀರಿನಡಿಯಲ್ಲಿ ಹೇಗಿದೆ ಎಂಬುದನ್ನು ಹತ್ತು ಮೀಟರ್ ಸೂಕ್ಷ್ಮತೆಯಲ್ಲಿ ತೋರಿಸಿದ ನಕ್ಷೆ ಅದು. ದಿಬ್ಬದ ಶೇಕಡಾ 99.98 ಭಾಗ ನೀರಿನಲ್ಲೇ ಮುಳುಗಿದೆ, ನಮ್ಮ ಕಣ್ಣಿಗೆ ಬೀಳುವ ಮರಳ ತಿಟ್ಟುಗಳು ಉಳಿದ ಶೇಕಡಾ 0.02 ಭಾಗ ಮಾತ್ರ ಎಂದು ಆ ಅಧ್ಯಯನ ಹೇಳಿತು.

ಸುದ್ದಿವಾಹಿನಿಗಳು ಆ ನಕ್ಷೆಯನ್ನು ಹಿಡಿದು ಕೇಳಿದ್ದು ಒಂದೇ ಪ್ರಶ್ನೆ: ಇದು ಕಟ್ಟಿದ್ದೋ, ತಾನಾಗಿ ಆದದ್ದೋ? ಎರಡು ದಿನ ಚರ್ಚೆ ನಡೆದು ನಿಂತಿತು. ಆದರೆ ಆ ನೀರಿಗೆ ಅದಕ್ಕಿಂತ ದೊಡ್ಡ ಕಥೆಯಿದೆ. ಎರಡು ದ್ವೀಪಗಳ ನಡುವಿನ ಆ ಜಾಗ ಒಮ್ಮೆ ನೆಲವಾಗಿತ್ತು, ಆಮೇಲೆ ಕಡಲಾಯಿತು, ಈಗ ಎರಡೂ ಅಲ್ಲದ ಸ್ಥಿತಿಯಲ್ಲಿದೆ. ಅದು ಹೀಗೇ ಇರುತ್ತದೆ ಎಂದು ನಂಬಿ ಊರು ಕಟ್ಟಿದವರೂ ಕಾಲುವೆ ಗೀಚಿದವರೂ ಕೈಸುಟ್ಟುಕೊಂಡರು. ಬದಲಾಗುತ್ತದೆ ಎಂದು ಒಪ್ಪಿ ಮತ್ತೆ ಮತ್ತೆ ಅಳೆದವರಿಗೆ ಅದು ಸ್ವಲ್ಪಸ್ವಲ್ಪವಾಗಿ ಅರ್ಥವಾಯಿತು.

ಹಾಗೆ ಅಳೆಯುವ ಕೆಲಸದ ಒಂದು ಎಳೆ ಹೈದರಾಬಾದಿನ ಬೇಗಂಪೇಟೆಗೂ ಬರುತ್ತದೆ. ಕಲಬುರಗಿ, ವಾಡಿ ಕಡೆಯಿಂದ ಸಿಕಂದರಾಬಾದಿಗೆ ಹೋಗುವ ರೈಲು ಹಾದುಹೋಗುವ ಬಡಾವಣೆ ಇದು. ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಎತ್ತರದಲ್ಲಿದೆ; ಕಡಲು ನೋಡಬೇಕೆಂದರೆ ರಾತ್ರಿಯಿಡೀ ಪ್ರಯಾಣ ಮಾಡಬೇಕು. ಇಲ್ಲಿನ ನೆಲದ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಧನುಷ್ಕೋಡಿಯ ಕೆಲವು ಮರಳುದಿಣ್ಣೆಗಳು ಹುಟ್ಟಿ ಐನೂರು ಆರುನೂರು ವರ್ಷವಷ್ಟೇ ಆಗಿದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಗಟ್ಟಿ ಬಂಡೆಯ ಮೇಲೆ ಮನೆ ಕಟ್ಟಿಕೊಂಡ ನಮಗೆ ಭೂಮಿ ಎಂದರೆ ಅಲುಗಾಡದ್ದು. ಆ ಜಲಸಂಧಿಯಲ್ಲಿ ಆ ನಂಬಿಕೆ ನಡೆಯುವುದಿಲ್ಲ.

ಎರಡು ದ್ವೀಪ, ಎರಡು ಕಡಲು

ತಮಿಳುನಾಡಿನ ರಾಮನಾಥಪುರದಿಂದ ಪೂರ್ವಕ್ಕೆ ಚಾಚಿದ ಭೂಶಿರದ ತುದಿ ಮಂಡಪಂ. ಅದರಾಚೆ ಕಿರಿದಾದ ಪಾಂಬನ್ ಕಾಲುವೆ, ಕಾಲುವೆ ದಾಟಿದರೆ ರಾಮೇಶ್ವರ ದ್ವೀಪ. ಆ ದ್ವೀಪದ ಆಗ್ನೇಯ ಮೂಲೆ ಸಪೂರವಾಗುತ್ತಾ ಹೋಗಿ ಧನುಷ್ಕೋಡಿಯ ಅರಿಚಲ್‌ಮುನೈನಲ್ಲಿ ಮುಗಿಯುತ್ತದೆ. ಅಲ್ಲಿಂದ ಮುಂದೆ ತಿಟ್ಟುಗಳ ಸಾಲು, ಸಾಲಿನ ಆ ಕೊನೆಯಲ್ಲಿ ತಲೈಮನ್ನಾರ್.

ಈ ಸಾಲಿನ ಉತ್ತರಕ್ಕೆ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ. 1763ರಿಂದ 1767ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದ ರಾಬರ್ಟ್ ಪಾಕ್ ಎಂಬವನ ಹೆಸರು ಉತ್ತರದ ನೀರಿಗೆ ಅಂಟಿಕೊಂಡಿದೆ. ಸೇತುಸ್ನಾನಕ್ಕೆ ಹೋದ ಯಾತ್ರಿಕರಿಗೆ ಪುರೋಹಿತರು ಹೇಳುವುದು ಬೇರೆ ಹೆಸರು: ಒಂದು ಕಡೆ ಮಹೋದಧಿ, ಇನ್ನೊಂದು ಕಡೆ ರತ್ನಾಕರ. ಎರಡನ್ನೂ ಬೇರೆ ಬೇರೆ ಕಡಲೆಂದು ಎಣಿಸಿದ್ದು ಭೂಗೋಳದ ಲೆಕ್ಕದಲ್ಲೂ ಸರಿಯಾಗಿದೆ. ಪಾಕ್ ಕೊಲ್ಲಿ ಎಲ್ಲಿ ಅಳೆದರೂ ಹತ್ತು ಹದಿನೈದು ಮೀಟರಿನ ಆಸುಪಾಸಿನ ಮಟ್ಟಸ ಬೋಗುಣಿ. ಅಲ್ಲಿ ಉಬ್ಬರ ಇಳಿತದ ಅಂತರ ಒಂದು ಮೀಟರನ್ನೂ ಮುಟ್ಟುವುದಿಲ್ಲ. ಮನ್ನಾರ್ ಕೊಲ್ಲಿ ದಕ್ಷಿಣಕ್ಕೆ ಸರಿದಂತೆ ಕಡಿದಾಗಿ ಇಳಿದು ಸಾವಿರ ಮೀಟರಿಗೂ ಮೀರಿ ಆಳವಾಗುತ್ತದೆ. ಈ ಎರಡರ ನಡುವಿನ ಹೊಸ್ತಿಲು ಸೇತುವಿನ ದಿಬ್ಬ.

ಹೊಸ್ತಿಲನ್ನು ದಾಟಿ ನೀರು ವರ್ಷಕ್ಕೆ ಎರಡು ಸಲ ದಿಕ್ಕು ಬದಲಿಸುತ್ತದೆ. ನೈಋತ್ಯ ಮಾರುತ ಬೀಸುವಾಗ ಮನ್ನಾರ್ ಕೊಲ್ಲಿಯ ಪ್ರವಾಹ ಉತ್ತರಕ್ಕೆ ನುಗ್ಗುತ್ತದೆ, ತನ್ನೊಂದಿಗೆ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಹಿಂಗಾರು ಶುರುವಾದರೆ ಬಂಗಾಳ ಕೊಲ್ಲಿಯ ನೀರು ಪಾಕ್ ಕೊಲ್ಲಿಯ ಮೂಲಕ ದಕ್ಷಿಣಕ್ಕೆ ಹರಿಯುತ್ತದೆ. ಆಳವಿಲ್ಲದ ಜಾಗದಲ್ಲಿ ಪ್ರವಾಹದ ವೇಗ ತಗ್ಗಿದಾಗ ಮರಳು ಕೆಳಗೆ ಕೂರುತ್ತದೆ, ವೇಗ ಹೆಚ್ಚಿದಾಗ ಎದ್ದು ಹೊರಡುತ್ತದೆ. ಹಾಗಾಗಿ ಒಂದು ಋತುವಿನಲ್ಲಿ ದೋಣಿ ಹಾದುಹೋದ ಸಂದು ಮುಂದಿನ ಋತುವಿನಲ್ಲಿ ಮುಚ್ಚಿರಬಹುದು, ಪಕ್ಕದಲ್ಲಿ ಇನ್ನೊಂದು ತೆರೆದಿರಬಹುದು. ಅಲ್ಲಿನ ಮೀನುಗಾರರು ಮಣಲ್ ತಿಟ್ಟು ಎಂದು ಕರೆಯುವ ಈ ಮರಳ ದ್ವೀಪಗಳು ಉದ್ದವಾಗುತ್ತವೆ, ಕುಗ್ಗುತ್ತವೆ, ಜಾಗ ಬಿಟ್ಟು ಸರಿಯುತ್ತವೆ.

ನೆಲ ಬಿರಿದ ಕಾಲ

ಮರಳಿನ ಕೆಳಗಿನ ಚರಿತ್ರೆ ಬಹಳ ಹಳೆಯದು. ಭಾರತ, ಶ್ರೀಲಂಕಾ, ಅಂಟಾರ್ಕ್ಟಿಕಾ ಎಲ್ಲವೂ ಗೊಂಡ್ವಾನಾ ಎಂಬ ಒಂದೇ ಖಂಡದಲ್ಲಿದ್ದವು. ಸುಮಾರು ಹದಿನೈದು ಕೋಟಿ ವರ್ಷಗಳ ಹಿಂದೆ ಆ ಖಂಡ ಸೀಳತೊಡಗಿದಾಗ ಭಾರತ ಮತ್ತು ಶ್ರೀಲಂಕಾದ ನಡುವೆಯೂ ಬಿರುಕು ಮೂಡಿತು. ಆದರೆ ಬಿರುಕು ಪೂರ್ತಿಯಾಗಲಿಲ್ಲ. ಅಂಟಾರ್ಕ್ಟಿಕಾ ದೂರ ಸರಿಯಿತು. ಶ್ರೀಲಂಕಾ ಭಾರತದ ಮಗ್ಗುಲಲ್ಲೇ ಉಳಿಯಿತು. ಕುಸಿದು ತಗ್ಗಾದ ಜಾಗದಲ್ಲಿ ಕೋಟ್ಯಂತರ ವರ್ಷ ಮರಳು, ಜೇಡಿ, ಸುಣ್ಣ ತುಂಬಿಕೊಂಡವು. ಭೂವಿಜ್ಞಾನಿಗಳು ಇದಕ್ಕೆ ಕಾವೇರಿ ಜಲಾನಯನ ಎನ್ನುತ್ತಾರೆ. ಒಎನ್‌ಜಿಸಿ ತೈಲ, ಅನಿಲ ತೆಗೆಯುವ ಪದರಗಳು ಇದರಲ್ಲೇ ಇವೆ. ಜಾಫ್ನಾದ ಕೆಳಗಿರುವ ಮಯೋಸೀನ್ ಯುಗದ ಸುಣ್ಣಕಲ್ಲು, ಇಲ್ಲಿ ಆಳವಿಲ್ಲದ ಬೆಚ್ಚನೆಯ ಕಡಲು ಬಹುಕಾಲ ನಿಂತಿತ್ತು ಎಂಬುದಕ್ಕೆ ಸಾಕ್ಷಿ.

ಕಾವೇರಿಯ ಹೆಸರು ಬಂದದ್ದರಿಂದ ಕನ್ನಡ ಓದುಗರು ಇಲ್ಲೊಂದು ಕ್ಷಣ ನಿಲ್ಲಬೇಕು. ಪಾಕ್ ಕೊಲ್ಲಿಗೆ ಹೂಳು ತಂದುಹಾಕುವ ನದಿಗಳಲ್ಲಿ ವೈಗೈ ಒಂದು, ಕಾವೇರಿ ಇನ್ನೊಂದು. ತಲಕಾವೇರಿಯಿಂದ ಹೊರಟ ನೀರು ಕೊಡಗಿನ, ಮೈಸೂರು ಸೀಮೆಯ ಕಲ್ಲನ್ನು ಸವೆಸಿ ಒಯ್ದ ಮಣ್ಣಿನ ಪಾಲು ಆ ಕೊಲ್ಲಿಯ ತಳದಲ್ಲೂ ಇದೆ. ಕನ್ನಂಬಾಡಿ, ಮೆಟ್ಟೂರು ಕಟ್ಟೆಗಳು ಎದ್ದ ಮೇಲೆ ಆ ಪಾಲು ತಗ್ಗಿತು. ಮಂಡ್ಯದ ಗದ್ದೆಗೆ ನೀರು ಕೊಟ್ಟ ಕಟ್ಟೆಯೇ ನೂರಾರು ಮೈಲಿಯಾಚೆಯ ಕರಾವಳಿಗೆ ಸೇರಬೇಕಾದ ಮರಳನ್ನೂ ಹಿಡಿದಿಟ್ಟುಕೊಂಡಿದೆ.

ಇನ್ನು ಹತ್ತಿರದ ಕಾಲಕ್ಕೆ ಬಂದರೆ, ಸುಮಾರು 20,000 ವರ್ಷಗಳ ಹಿಂದೆ ಹಿಮಯುಗ ತುತ್ತತುದಿಯಲ್ಲಿತ್ತು. ಧ್ರುವಗಳಲ್ಲಿ ನೀರು ಹಿಮವಾಗಿ ಕಟ್ಟಿಕೊಂಡದ್ದರಿಂದ ಸಮುದ್ರ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಹದಿನೈದು ಮೀಟರ್ ಆಳದ ಪಾಕ್ ಕೊಲ್ಲಿ ಆಗ ಒಣ ಬಯಲು. ಶ್ರೀಲಂಕಾ ದ್ವೀಪವೇ ಅಲ್ಲ. ಚಿರತೆಗಳು, ಆನೆಗಳು ನಡೆದುಕೊಂಡೇ ಅತ್ತ ಹೋದವು. ಎಲ್ಲ ಜೀವಿಗಳೂ ಹಾಗೆ ದಾಟಿದವು ಎಂದುಕೊಂಡರೆ ತಪ್ಪು. 2004ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ನಮ್ಮ ಪಶ್ಚಿಮಘಟ್ಟದ ಕಪ್ಪೆ, ಸಿಹಿನೀರಿನ ಏಡಿ, ಮೀನುಗಳನ್ನು ಶ್ರೀಲಂಕಾದವುಗಳ ಜೊತೆ ಹೋಲಿಸಿ ನೋಡಿತು. ನೆಲದ ದಾರಿ ಅಷ್ಟು ಕಾಲ ತೆರೆದಿದ್ದರೂ ಎರಡೂ ಕಡೆಯ ಎಷ್ಟೋ ವಂಶಗಳು ಬೇರೆಬೇರೆಯಾಗಿಯೇ ಬೆಳೆದಿದ್ದವು. ಮಳೆಕಾಡಿನ ಜೀವಕ್ಕೆ ಒಣ ಬಯಲು ದಾರಿಯಾಗುವುದಿಲ್ಲ.

ಹಿಮ ಕರಗಿತು, ಕಡಲು ಏರಿತು. ರಾಮೇಶ್ವರ ಮತ್ತು ತಲೈಮನ್ನಾರ್ ನಡುವಿನ ಜಾಗ 18,000ದಿಂದ 7,000 ವರ್ಷಗಳ ಹಿಂದಿನ ಅವಧಿಯಲ್ಲಿ ನೀರಿನಿಂದ ಹೊರಗಿದ್ದಿರಬಹುದು ಎಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ರಾಮೇಶ್ವರ ಯೋಜನೆ ಅಂದಾಜು ಮಾಡಿತು. ಆಮೇಲೆ ಕಡಲು ಈಗಿನದಕ್ಕಿಂತ ತುಸು ಮೇಲಕ್ಕೂ ಹೋಗಿ ಇಳಿದಿದೆ. ರಾಮೇಶ್ವರದ ದಂಡೆಯಲ್ಲಿ ನೀರಿನ ಮಟ್ಟಕ್ಕಿಂತ ಮೇಲೆ ನಿಂತ ಸತ್ತ ಹವಳದ ದಿಬ್ಬಗಳು ಇದನ್ನು ಹೇಳುತ್ತವೆ. 1972ರಲ್ಲಿ ಡೇವಿಡ್ ಸ್ಟಾಡಾರ್ಟ್ ಮತ್ತು ಗೋಪಿನಾಥ ಪಿಳ್ಳೆ ಇವುಗಳ ವಯಸ್ಸು ಸುಮಾರು 4,000 ವರ್ಷ ಎಂದು ಪ್ರಕಟಿಸಿದರು. ಹವಳ ನೀರಿನೊಳಗೆ ಮಾತ್ರ ಬೆಳೆಯುವ ಜೀವ. ಅದು ಇವತ್ತು ಗಾಳಿಯಲ್ಲಿ ನಿಂತಿದೆ ಎಂದರೆ ನೀರು ಇಳಿದಿರಬೇಕು, ಇಲ್ಲವೇ ನೆಲ ಎದ್ದಿರಬೇಕು. ಹವಳದ ಕಲ್ಲು, ಅದರ ಮೇಲೆ ಸುಣ್ಣದಿಂದ ಬೆಸೆದ ಮರಳುಗಲ್ಲು, ಎಲ್ಲದರ ಮೇಲೆ ಸಡಿಲ ಮರಳು: ಇಂದಿನ ದಿಬ್ಬದ ಮೇಲ್ಪದರಗಳು ಹೀಗೆ ಕೂಡಿಕೊಂಡವು.

ಹಡಗು ಸುತ್ತಿ ಹೋದ ದಾರಿ

ಈ ದಿಬ್ಬ ದೊಡ್ಡ ಹಡಗಿಗೆ ಅಡ್ಡಿ. ಅಡ್ಡಿಯೇ ಒಂದು ಬಂದರನ್ನು ಬೆಳೆಸಿತು. ಮನ್ನಾರಿನ ಎದುರಿನ ಮಾಂತೈ ಪ್ರಾಚೀನ ಕಾಲದಲ್ಲಿ ಪೂರ್ವದ ಸರಕೂ ಪಶ್ಚಿಮದ ಸರಕೂ ಕೈಬದಲಾಗುತ್ತಿದ್ದ ಪೇಟೆ. ಹಡಗು ದಾಟಲಾರದ ಕಡೆ ಸರಕು ಇಳಿಯಲೇಬೇಕು; ಇಳಿದ ಕಡೆ ವ್ಯಾಪಾರ ಕೂಡುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಅಲ್‌ಬೆರೂನಿ ಭಾರತದ ಬಗ್ಗೆ ಬರೆದ ಗ್ರಂಥದಲ್ಲಿ ಸೇತುಬಂಧದ ಪ್ರಸ್ತಾಪವಿದೆ. ರಾಮನಾಥಪುರದ ಅರಸರು ತಮ್ಮನ್ನು ಸೇತುಪತಿಗಳೆಂದು ಕರೆದುಕೊಂಡು ಯಾತ್ರಿಕರ ದಾರಿ ಕಾಯುವುದನ್ನು ಕುಲಧರ್ಮವಾಗಿ ಹೊತ್ತರು.

ಯಾತ್ರಿಕರಲ್ಲಿ ಕನ್ನಡ ಸೀಮೆಯವರೂ ಇದ್ದರು. ಕಾಶಿ–ರಾಮೇಶ್ವರ ಒಂದೇ ಯಾತ್ರೆಯ ಎರಡು ತುದಿ ಎಂಬುದು ನಮ್ಮ ಮನೆಗಳ ಹಳೆಯ ನಂಬಿಕೆ. ಸೇತುವಿನ ಮರಳನ್ನು ಗಂಟು ಕಟ್ಟಿ ಗಂಗೆಗೆ ಒಯ್ದು ಬಿಡುವುದು, ಗಂಗೆಯ ನೀರನ್ನು ತಂದು ರಾಮನಾಥನಿಗೆ ಅಭಿಷೇಕ ಮಾಡಿಸುವುದು ಪೂರ್ಣ ಯಾತ್ರೆಯ ಕ್ರಮ. ದಿಬ್ಬದ ಮೇಲೆ ಮೊದಲು ನಡೆದೇ ದಾಟಬಹುದಿತ್ತು, 1480ರ ಚಂಡಮಾರುತದಲ್ಲಿ ಅದು ಒಡೆಯಿತು ಎಂಬ ಹೇಳಿಕೆ ರಾಮೇಶ್ವರದಲ್ಲಿ ಹಿಂದಿನಿಂದ ಬಂದಿದೆ.

ಅಡ್ಡಿಯನ್ನು ಕತ್ತರಿಸಿ ಹಾದಿ ಮಾಡುವ ಆಸೆ ಬ್ರಿಟಿಷರ ಕಾಲದಲ್ಲಿ ಹುಟ್ಟಿತು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಮದ್ರಾಸ್ ಸರ್ಕಾರ ಪಾಂಬನ್ ಕಾಲುವೆಯ ಬಂಡೆ ಒಡೆಸಿ ಸಣ್ಣ ಹಡಗುಗಳಿಗೆ ದಾರಿ ಮಾಡಿತು. 1860ರಲ್ಲಿ ನೌಕಾ ಅಧಿಕಾರಿ ಆಲ್ಫ್ರೆಡ್ ಡಂಡಾಸ್ ಟೇಲರ್ ದೊಡ್ಡ ಹಡಗುಗಳಿಗೂ ಸಾಲುವ ಕಾಲುವೆಯ ಪ್ರಸ್ತಾವ ಮುಂದಿಟ್ಟ. ಅಲ್ಲಿಂದ ಮುಂದೆ ಸಮಿತಿಗಳು ಬಂದವು, ವರದಿಗಳು ಬಂದವು. ಸ್ವಾತಂತ್ರ್ಯ ಬಂದ ಮೇಲೆ 1955ರಲ್ಲಿ ಎ. ರಾಮಸ್ವಾಮಿ ಮುದಲಿಯಾರ್ ಸಮಿತಿಯೂ ನೇಮಕವಾಯಿತು. ಯಾವ ಕಾಗದವೂ ಕಾಲುವೆಯಾಗಲಿಲ್ಲ.

ಐವತ್ತು ವರ್ಷದ ರೈಲುದಾರಿ

ಕಾಲುವೆ ಆಗದಿದ್ದರೂ ರೈಲು ಬಂತು. 1914ರ ಫೆಬ್ರವರಿ 24ರಂದು ಪಾಂಬನ್ ಸೇತುವೆ ತೆರೆಯಿತು. ಉದ್ದ ಎರಡು ಕಿಲೋಮೀಟರಿಗೂ ಮೇಲೆ, 145 ಅಂಕಣಗಳು. ನಡುವಿನ ಷೆರ್ಜರ್ ಅಂಕಣವನ್ನು ಹಡಗು ಬಂದಾಗ ಎರಡೂ ಕಡೆ ನಿಂತ ಕಾರ್ಮಿಕರು ಕೈಯಿಂದಲೇ ಹಿಡಿ ತಿರುಗಿಸಿ ಎತ್ತುತ್ತಿದ್ದರು. ಅಲ್ಲಿಂದ ರೈಲು ಧನುಷ್ಕೋಡಿಗೆ ಓಡಿತು. ದಿಬ್ಬದ ಮೇಲೆಯೇ ತಲೈಮನ್ನಾರ್‌ವರೆಗೆ ಹಳಿ ಹಾಕುವ ಯೋಚನೆಯೂ ಇತ್ತು. ಅದನ್ನು ಬಿಟ್ಟು ಆ ಹರವಿಗೆ ಉಗಿಹಡಗು ಇಟ್ಟರು. ಮದ್ರಾಸಿನ ಎಗ್ಮೋರಿನಲ್ಲಿ ಬೋಟ್ ಮೇಲ್ ಹತ್ತಿ, ಧನುಷ್ಕೋಡಿಯಲ್ಲಿ ಇಳಿದು, ‘ಇರ್ವಿನ್’ ಅಥವಾ ‘ಗೋಶೆನ್’ ಹಡಗಿನಲ್ಲಿ ದಾಟಿ, ತಲೈಮನ್ನಾರಿನಲ್ಲಿ ಇನ್ನೊಂದು ರೈಲು ಹಿಡಿದರೆ ಕೊಲಂಬೊ. ಸಿಲೋನಿನ ಚಹಾ ತೋಟಗಳಿಗೆ ಹೊರಟ ಕೂಲಿಕಾರ ಕುಟುಂಬಗಳನ್ನು ಮಂಡಪಂ ಶಿಬಿರದಲ್ಲಿ ತಡೆದು, ರೋಗ ತಪಾಸಣೆ ಮಾಡಿ, ಇದೇ ದಾರಿಯಲ್ಲಿ ಕಳಿಸುತ್ತಿದ್ದರು. ಧನುಷ್ಕೋಡಿಯಲ್ಲಿ ಸ್ಟೇಷನ್, ಅಂಚೆ ಕಚೇರಿ, ಸುಂಕದ ಕಟ್ಟೆ, ಶಾಲೆ, ಚರ್ಚು ಎಲ್ಲ ಎದ್ದವು.

ನೆಲ ಮಾತ್ರ ಸುಮ್ಮನಿರಲಿಲ್ಲ. 1948–49ರಲ್ಲಿ ಊರಿನ ದಕ್ಷಿಣ ಭಾಗ ಸುಮಾರು ಐದು ಮೀಟರ್ ಕುಸಿದು, ಮನ್ನಾರ್ ಕೊಲ್ಲಿಯ ಕಡೆಯ ಒಂದು ಪಟ್ಟಿ ನೀರಿನ ಪಾಲಾಯಿತು ಎಂದು ಭೂವೈಜ್ಞಾನಿಕ ಇಲಾಖೆಯ ಅಧ್ಯಯನ ಹೇಳುತ್ತದೆ. ಊರು ಅದನ್ನೂ ಸಹಿಸಿಕೊಂಡು ನಡೆಯಿತು.

1964ರ ಡಿಸೆಂಬರ್ ಮೂರನೆಯ ವಾರದಲ್ಲಿ ಅಂಡಮಾನ್ ಕಡಲಿನಲ್ಲಿ ಹುಟ್ಟಿದ ವಾಯುಭಾರ ಕುಸಿತ ಚಂಡಮಾರುತವಾಗಿ ಬೆಳೆದು, 22ರಂದು ಉತ್ತರ ಶ್ರೀಲಂಕಾವನ್ನು ದಾಟಿ ಪಾಕ್ ಕೊಲ್ಲಿಗೆ ಇಳಿಯಿತು. ಆಳವಿಲ್ಲದ ಕೊಲ್ಲಿಯ ಮೇಲೆ ಅಂಥ ಗಾಳಿ ಬೀಸಿದರೆ ನೀರು ಕೆಳಗಿಳಿದು ಹಿಂತಿರುಗಲು ಜಾಗವಿರುವುದಿಲ್ಲ. ರಾಶಿಯಾಗಿ ದಡದ ಮೇಲೇರುತ್ತದೆ. ಆ ರಾತ್ರಿ ಏಳು ಮೀಟರ್ ಎತ್ತರದ ಅಲೆಗಳು ಧನುಷ್ಕೋಡಿಯ ಮೇಲೆ ಬಂದವು ಎಂದು ದಾಖಲಾಗಿದೆ. ಪಾಂಬನ್–ಧನುಷ್ಕೋಡಿ ಪ್ಯಾಸೆಂಜರ್ ರೈಲು ನಿಲ್ದಾಣಕ್ಕೆ ಇನ್ನೇನು ತಲುಪಬೇಕು, ಮಧ್ಯರಾತ್ರಿಯ ಹೊತ್ತಿಗೆ ನೀರಿಗೆ ಸಿಕ್ಕಿತು. ಅದರಲ್ಲಿದ್ದ ನೂರಕ್ಕೂ ಹೆಚ್ಚು ಜನರಲ್ಲಿ ಯಾರೂ ಬದುಕಲಿಲ್ಲ. ಒಟ್ಟು ಸತ್ತವರು ಸುಮಾರು 1,800. ಧನುಷ್ಕೋಡಿ ವಾಸಕ್ಕೆ ಯೋಗ್ಯವಲ್ಲ ಎಂದು ಸರ್ಕಾರ ಘೋಷಿಸಿತು. ಪಾಂಬನ್ ಸೇತುವೆಯ ಹೆಚ್ಚಿನ ಗರ್ಡರುಗಳು ಕೊಚ್ಚಿಹೋಗಿದ್ದವು. ಯುವ ಎಂಜಿನಿಯರ್ ಇ. ಶ್ರೀಧರನ್ ಸಮುದ್ರದ ತಳದಿಂದ ಗರ್ಡರುಗಳನ್ನು ಎತ್ತಿಸಿ ಅವುಗಳನ್ನೇ ಬಳಸಿ 46 ದಿನಗಳಲ್ಲಿ ಸೇತುವೆಯನ್ನು ಮತ್ತೆ ನಿಲ್ಲಿಸಿದರು. ಮುಂದೆ ಕಾರವಾರ, ಉಡುಪಿಯ ಜನಕ್ಕೆ ಕೊಂಕಣ ರೈಲು ತಂದವರೂ ಅವರೇ.

ಸೇತುವೆ ಎದ್ದಿತು, ಧನುಷ್ಕೋಡಿ ಏಳಲಿಲ್ಲ. ಬಂಡೆಯಲ್ಲಿ ಬೇರೂರಿದ ಕಂಬವನ್ನು ದುರಸ್ತಿ ಮಾಡಬಹುದು. ಊರು ನಿಂತಿದ್ದ ಮರಳೇ ಹೋದರೆ ದುರಸ್ತಿ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಬೇಗಂಪೇಟೆಯ ಹ್ಯಾಂಗರ್

ಎರಡು ವರ್ಷದ ಬಳಿಕ, 1966ರ ಸೆಪ್ಟೆಂಬರಿನಲ್ಲಿ, ಜೆಮಿನಿ–11 ನೌಕೆಯಿಂದ ಅಮೆರಿಕದ ಗಗನಯಾತ್ರಿಗಳು ತೆಗೆದ ಚಿತ್ರದಲ್ಲಿ ಭಾರತದ ದಕ್ಷಿಣ ತುದಿ ಮತ್ತು ಶ್ರೀಲಂಕಾ ಒಟ್ಟಿಗೆ ಕಾಣಿಸಿದವು. ಜಲಸಂಧಿಯನ್ನು ಒಂದೇ ನೋಟದಲ್ಲಿ ಹಿಡಿಯಲು ಸಾಧ್ಯ ಎಂಬುದು ಜಗತ್ತಿಗೇ ತಿಳಿಯಿತು. ನಮ್ಮ ಕರಾವಳಿಯನ್ನು ನಾವೇ ಮೇಲಿನಿಂದ ನೋಡಬೇಕಾದರೆ ಸ್ವಂತ ಸಂಸ್ಥೆ ಬೇಕಿತ್ತು.

1974ರಲ್ಲಿ ಹೈದರಾಬಾದಿನಲ್ಲಿ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಹುಟ್ಟಿತು. ಭಾರತ ಮತ್ತು ಶ್ರೀಲಂಕಾ ಪಾಕ್ ಕೊಲ್ಲಿಯ ಗಡಿರೇಖೆಗೆ ಸಹಿ ಹಾಕಿದ್ದೂ ಅದೇ ವರ್ಷದ ಜೂನ್‌ನಲ್ಲಿ. ಮನ್ನಾರ್ ಕೊಲ್ಲಿಯ ಗಡಿ 1976ರಲ್ಲಿ ನಿಗದಿಯಾಯಿತು. ದೂರಸಂವೇದಿ ಸಂಸ್ಥೆಯ ವಿಮಾನಗಳ ನೆಲೆ ಬೇಗಂಪೇಟೆಯ ವಿಮಾನ ನಿಲ್ದಾಣ. ಬೀಚ್‌ಕ್ರಾಫ್ಟ್ ಸೂಪರ್ ಕಿಂಗ್ ಏರ್ ವಿಮಾನದ ಹೊಟ್ಟೆಯಲ್ಲಿ ಕ್ಯಾಮೆರಾ ಕೂರಿಸಿ, ಒಂದರ ಮೇಲೊಂದು ಅರ್ಧಕ್ಕಿಂತ ಹೆಚ್ಚು ಹೊಂದುವಂತೆ ಚಿತ್ರ ತೆಗೆಯುತ್ತಾ ಹೋಗುತ್ತಾರೆ. ಒಂದೇ ಜಾಗವನ್ನು ಎರಡು ಕೋನದಿಂದ ನೋಡಿದ ಜೋಡಿಚಿತ್ರಗಳಿಂದ ನೆಲದ ಎತ್ತರ ತಗ್ಗು ಲೆಕ್ಕಕ್ಕೆ ಸಿಗುತ್ತದೆ.

ತಾಳ್ಮೆಯಿಂದ ಅಳೆಯುವುದು ಈ ಬಡಾವಣೆಗೆ ಹೊಸದಲ್ಲ. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯೊಂದರ ಹೊಟ್ಟೆಯಲ್ಲಿ ಮಲೇರಿಯಾದ ಪರೋಪಜೀವಿ ಕಂಡದ್ದು ಇಲ್ಲಿನ ಕಟ್ಟಡದಲ್ಲಿ. ನಿಜಾಮಿಯಾ ವೀಕ್ಷಣಾಲಯ ನಕ್ಷತ್ರಗಳ ಅಂತರರಾಷ್ಟ್ರೀಯ ಪಟ್ಟಿಗಾಗಿ ವರ್ಷಗಟ್ಟಲೆ ಆಕಾಶದ ಚಿತ್ರ ತೆಗೆದದ್ದೂ ಇಲ್ಲೇ. ಹವಾಮಾನ ಇಲಾಖೆಯ ಕೇಂದ್ರ ಇಂದಿಗೂ ಇಲ್ಲಿಂದ ಮಳೆ, ಗಾಳಿಯ ಲೆಕ್ಕ ಕೊಡುತ್ತಿದೆ.

1979ರಲ್ಲಿ ನಗರದಾಚೆಯ ಶಾದ್‌ನಗರದ ಭೂಕೇಂದ್ರ ಲ್ಯಾಂಡ್‌ಸ್ಯಾಟ್ ಉಪಗ್ರಹದ ಮಾಹಿತಿ ಹಿಡಿಯತೊಡಗಿತು. 1988ರ ಮಾರ್ಚ್ 17ರಂದು ಭಾರತದ್ದೇ ಆದ ಐಆರ್‌ಎಸ್–1ಎ ಬೈಕನೂರಿನಿಂದ ಮೇಲೇರಿತು. ಆಗ ಇಸ್ರೋದ ಅಧ್ಯಕ್ಷರು ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್. ಕೊನೆಗೆ, ವರ್ಷ ವರ್ಷವೂ ಅದೇ ಕರಾವಳಿಯ ಚಿತ್ರವನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಸಾಧ್ಯವಾಯಿತು. ತಿರುಚಿರಾಪಳ್ಳಿಯ ಭಾರತಿದಾಸನ್ ವಿಶ್ವವಿದ್ಯಾಲಯದ ದೂರಸಂವೇದಿ ಕೇಂದ್ರದಲ್ಲಿ ಎಸ್. ಎಂ. ರಾಮಸಾಮಿ ಅವರ ತಂಡ, ರಾಮನಾಥಪುರ ಮತ್ತು ಪಾಂಬನ್ ನಡುವಿನ ಮರಳದಂಡೆಗಳು ಕರಾವಳಿ ಪ್ರವಾಹ ತಂದ ಮರಳಿನಿಂದ ಸುಮಾರು 3,500 ವರ್ಷಗಳ ಹಿಂದೆ ರೂಪುಗೊಂಡವು ಎಂದು ತೋರಿಸಿತು.

ಕಾಲುವೆ, ಸುನಾಮಿ, ನ್ಯಾಯಾಲಯ

2004ರ ಡಿಸೆಂಬರ್ 26ರ ಸುನಾಮಿ ಈ ನೀರಿನ ಬಗ್ಗೆ ಇನ್ನೊಂದು ಪಾಠ ಕಲಿಸಿತು. ತಮಿಳುನಾಡಿನಲ್ಲಿ ಅತಿ ಹೆಚ್ಚು ಜನ ಸತ್ತದ್ದು ನಾಗಪಟ್ಟಣಂ ಜಿಲ್ಲೆಯಲ್ಲಿ. ಪಾಕ್ ಕೊಲ್ಲಿಯ ಒಳಭಾಗಕ್ಕೆ ಶ್ರೀಲಂಕಾ ಅಡ್ಡ ನಿಂತದ್ದರಿಂದ ಹೊಡೆತ ಕಡಿಮೆಯಾಯಿತು. ಸುನಾಮಿ ಮುನ್ಸೂಚನೆ ಕೊಡುವ ದೇಶದ ಕೇಂದ್ರ 2007ರ ಅಕ್ಟೋಬರಿನಲ್ಲಿ ಶುರುವಾದದ್ದು ಮತ್ತೆ ಹೈದರಾಬಾದಿನಲ್ಲೇ, ಇನ್‌ಕಾಯ್ಸ್ ಸಂಸ್ಥೆಯಲ್ಲಿ.

ಸುನಾಮಿಯಾಗಿ ಏಳು ತಿಂಗಳಾಗುವ ಮೊದಲೇ, 2005ರ ಜುಲೈ 2ರಂದು, ಮದುರೈನಲ್ಲಿ ಪ್ರಧಾನಿ ಮನಮೋಹನ ಸಿಂಗ್ ಸೇತುಸಮುದ್ರಂ ಕಾಲುವೆ ಯೋಜನೆಯನ್ನು ಉದ್ಘಾಟಿಸಿದರು. ಉದ್ದ 167 ಕಿಲೋಮೀಟರ್, ಆಳ 12 ಮೀಟರ್, ಅಗಲ 300 ಮೀಟರ್. ಹಡಗುಗಳು ಶ್ರೀಲಂಕಾವನ್ನು ಸುತ್ತುವುದು ತಪ್ಪುತ್ತದೆ ಎಂಬುದು ಯೋಜನೆಯ ಆಧಾರ. ವಿರೋಧ ಹಲವು ದಿಕ್ಕಿನಿಂದ ಬಂತು. ಸೇತುವನ್ನು ಪೂಜ್ಯವೆಂದು ನಂಬುವವರು ನ್ಯಾಯಾಲಯಕ್ಕೆ ಹೋದರು. ಮೀನುಗಾರರು ತಮ್ಮ ಬಲೆಯ ಜಾಗ ಹೋಗುತ್ತದೆ ಎಂದರು. ಕಾಲುವೆಯ ದಾರಿ ಸುನಾಮಿಯನ್ನು ಕೇರಳ ಕರಾವಳಿಯ ಕಡೆ ತಿರುಗಿಸಬಹುದು ಎಂದು ಸುನಾಮಿ ತಜ್ಞ ಟ್ಯಾಡ್ ಮೂರ್ತಿ ಎಚ್ಚರಿಸಿದರು. ಭೂವಿಜ್ಞಾನ ಬಲ್ಲವರು ಕೇಳಿದ ಪ್ರಶ್ನೆ ಎಲ್ಲಕ್ಕಿಂತ ಸರಳ: ವರ್ಷಕ್ಕೆರಡು ಬಾರಿ ಮರಳು ಹೊತ್ತು ತರುವ ಪ್ರವಾಹಕ್ಕೆ ಅಡ್ಡಲಾಗಿ ಹಳ್ಳ ತೋಡಿದರೆ ಅದು ಎಷ್ಟು ದಿನ ಹಳ್ಳವಾಗಿ ಉಳಿಯುತ್ತದೆ? 2007ರಲ್ಲಿ ಸುಪ್ರೀಂ ಕೋರ್ಟ್ ದಿಬ್ಬಕ್ಕೆ ಹಾನಿಯಾಗದಂತೆ ತಡೆ ನೀಡಿತು. ಆರ್. ಕೆ. ಪಚೌರಿ ಸಮಿತಿ ದಿಬ್ಬವನ್ನು ತಪ್ಪಿಸಿ ಹೋಗುವ ಪರ್ಯಾಯ ಮಾರ್ಗವೂ ಲಾಭದಾಯಕವಲ್ಲ ಎಂದು ವರದಿ ಕೊಟ್ಟಿತು. ಕೆಲಸ ನಿಂತಿತು.

ಆ ವಿವಾದದಲ್ಲಿ ಮನ್ನಾರ್ ಕೊಲ್ಲಿಯ ಜೀವಿಗಳ ಪ್ರಶ್ನೆಯೂ ಇತ್ತು. ಅಲ್ಲಿನ 21 ದ್ವೀಪಗಳ ಸುತ್ತಲಿನ ಹವಳದ ದಿಬ್ಬಗಳು 1986ರಲ್ಲಿ ರಾಷ್ಟ್ರೀಯ ಉದ್ಯಾನವಾದವು. ಪಾಕ್ ಕೊಲ್ಲಿಯ ಕಡಲಹುಲ್ಲಿನ ಬಯಲಲ್ಲಿ ಮೇಯುವ ಕಡಲಹಸುಗಳಿಗೆ 2022ರಲ್ಲಿ 448 ಚದರ ಕಿಲೋಮೀಟರಿನ ಸಂರಕ್ಷಿತ ಪ್ರದೇಶ ಸಿಕ್ಕಿತು. ಬೆಳಕು ತಳ ಮುಟ್ಟುವಷ್ಟು ತಿಳಿನೀರಿದ್ದರೆ ಮಾತ್ರ ಕಡಲಹುಲ್ಲೂ ಹವಳವೂ ಬದುಕುತ್ತವೆ. ಹೂಳೆತ್ತುವ ಯಂತ್ರ ಮೊದಲು ಕದಡುವುದು ಆ ತಿಳಿಯನ್ನೇ.

ಹಸಿರು ಬೆಳಕಿನ ಲೆಕ್ಕ

ಅದೇ ತಿಳಿನೀರು 2024ರ ನಕ್ಷೆಯನ್ನು ಸಾಧ್ಯವಾಗಿಸಿತು. ಇಷ್ಟು ಆಳವಿಲ್ಲದ ನೀರಿನಲ್ಲಿ ಧ್ವನಿಯಿಂದ ಅಳೆಯುವ ಹಡಗು ಓಡಾಡಲಾರದು, ತಳ ತಾಗುತ್ತದೆ. ಹಾಗಾಗಿ ವಿಜ್ಞಾನಿಗಳು ನಾಸಾದ ಐಸ್‌ಸ್ಯಾಟ್–2 ಉಪಗ್ರಹದ ಮೊರೆಹೋದರು. ಧ್ರುವಗಳ ಹಿಮದ ದಪ್ಪ ಅಳೆಯಲೆಂದು 2018ರ ಸೆಪ್ಟೆಂಬರಿನಲ್ಲಿ ಹಾರಿಸಿದ ಉಪಗ್ರಹವದು. ಸುಮಾರು 500 ಕಿಲೋಮೀಟರ್ ಎತ್ತರದಿಂದ ಸೆಕೆಂಡಿಗೆ 10,000 ಬಾರಿ ಹಸಿರು ಲೇಸರಿನ ಮಿಣುಕು ಬಿಡುತ್ತದೆ. ಒಂದು ಮಿಣುಕಿನಲ್ಲಿ ಹೊರಡುವ ಫೋಟಾನುಗಳು ಸುಮಾರು 20 ಲಕ್ಷ ಕೋಟಿ; ಮರಳಿ ಉಪಗ್ರಹದ ದೂರದರ್ಶಕಕ್ಕೆ ಸಿಗುವುದು ಹತ್ತು ಹನ್ನೆರಡು. ಪ್ರತಿಯೊಂದು ಹೋಗಿ ಬರಲು ತೆಗೆದುಕೊಂಡ ಕಾಲವೇ ಅಳತೆ.

ಹಸಿರು ಬೆಳಕು ನೀರಿನೊಳಕ್ಕೆ ಇಳಿಯುತ್ತದೆ. ಕೆಲವು ಫೋಟಾನುಗಳು ನೀರಿನ ಮೇಲ್ಮೈಗೆ ತಾಗಿ ಮರಳುತ್ತವೆ, ಕೆಲವು ತಳಕ್ಕೆ ತಾಗಿ ಮರಳುತ್ತವೆ. ಎರಡರ ನಡುವಿನ ಕಾಲದ ವ್ಯತ್ಯಾಸದಿಂದ ಆಳ ತಿಳಿಯಬೇಕು. ಆದರೆ ನೀರಿನೊಳಗೆ ಬೆಳಕಿನ ವೇಗ ಸುಮಾರು ಕಾಲು ಭಾಗ ತಗ್ಗುತ್ತದೆ. ಅದನ್ನು ಸರಿಪಡಿಸದಿದ್ದರೆ ತಳ ನಿಜಕ್ಕಿಂತ ಕೆಳಗಿದ್ದಂತೆ ಲೆಕ್ಕ ಬರುತ್ತದೆ. ಅಲೆಯ ಏರಿಳಿತ, ಸೂರ್ಯನ ಬೆಳಕಿನ ಗದ್ದಲ ಇವನ್ನೂ ಸೋಸಿ ತೆಗೆಯಬೇಕು. 2018ರ ಅಕ್ಟೋಬರಿನಿಂದ 2023ರ ಅಕ್ಟೋಬರಿನವರೆಗಿನ ಐದು ವರ್ಷದ ಮಾಹಿತಿಯನ್ನು ಹೀಗೆ ಸೋಸಿ ಕೂಡಿಸಿದಾಗ ದಿಬ್ಬದ ಮೈಕಟ್ಟು ಹೊರಬಂತು. ಮನ್ನಾರ್ ಕೊಲ್ಲಿಯ ಕಡೆಯ ಇಳಿಜಾರೂ ಪಾಕ್ ಕಡೆಯ ಇಳಿಜಾರೂ ಒಂದೇ ಥರ ಇರಲಿಲ್ಲ. ದಿಬ್ಬದ ಉದ್ದಕ್ಕೂ 11 ಸಣ್ಣ ಸಂದುಗಳು, ಒಂದೊಂದರ ಆಳ ಎರಡರಿಂದ ಮೂರು ಮೀಟರ್, ಕಂಡವು. ಎರಡೂ ಕಡಲಿನ ನೀರು ಕೂಡುವುದು ಅವುಗಳ ಮೂಲಕವೇ. ದಿಬ್ಬ ಅಲೆಯ ಹೊಡೆತ ತಾಳಿ ನಿಲ್ಲುವುದಕ್ಕೂ ಇವು ನೆರವಾಗುತ್ತವೆ. ಧನುಷ್ಕೋಡಿಯೂ ತಲೈಮನ್ನಾರೂ ನೀರಿನಡಿಯಲ್ಲಿ ಒಂದೇ ರಚನೆಯ ಮುಂದುವರಿಕೆ ಎಂಬುದು ಆ ಅಧ್ಯಯನದ ತೀರ್ಮಾನ.

ಈ ನಕ್ಷೆ ಭಕ್ತರ ನಂಬಿಕೆಯನ್ನು ಪ್ರಶ್ನಿಸುವುದೂ ಇಲ್ಲ, ಸಾಬೀತು ಮಾಡುವುದೂ ಇಲ್ಲ. ಬೆಳಕಿನ ಕಿರಣ ಹೇಳಬಲ್ಲದ್ದು ಆಕಾರವನ್ನು ಮಾತ್ರ. ಸೇತುವಿನ ಮರಳನ್ನು ಗಂಟು ಕಟ್ಟಿ ಕಾಶಿಗೆ ಒಯ್ದವರಿಗೆ ಅದರ ಪಾವಿತ್ರ್ಯ ತಿಳಿಯಲು ಯಾವ ಉಪಗ್ರಹವೂ ಬೇಕಿರಲಿಲ್ಲ. ನಕ್ಷೆ ಬೇಕಿರುವುದು ಆಡಳಿತ ನಡೆಸುವವರಿಗೆ. 2023ರ ಜುಲೈನಲ್ಲಿ ಭಾರತ ಮತ್ತು ಶ್ರೀಲಂಕಾ ನೆಲದ ಸಂಪರ್ಕದ ಸಾಧ್ಯತೆ ಪರಿಶೀಲಿಸಲು ಒಪ್ಪಿದವು. 2025ರ ಏಪ್ರಿಲ್ 6ರಂದು ಪಾಂಬನ್‌ನಲ್ಲಿ 72.5 ಮೀಟರಿನ ಅಂಕಣ ನೇರವಾಗಿ ಮೇಲೇರುವ ಹೊಸ ರೈಲು ಸೇತುವೆ ಉದ್ಘಾಟನೆಯಾಯಿತು. ಇನ್ನು ಮುಂದೆ ಈ ಜಾಗದಲ್ಲಿ ದಾರಿ, ಹಳಿ, ಕಾಲುವೆ ಯಾವುದರ ಮಾತು ಎದ್ದರೂ ಮೊದಲು ಮೇಜಿನ ಮೇಲೆ ಬರಬೇಕಾದದ್ದು ಇಂಥ ನಕ್ಷೆ.

ಅದೂ ಒಂದು ನಕ್ಷೆ ಸಾಲದು. ಐದು ವರ್ಷದ ಮಾಹಿತಿಯನ್ನು ಕೂಡಿಸಿ ಮಾಡಿದ ಚಿತ್ರ ಐದು ವರ್ಷದ ಸರಾಸರಿಯನ್ನಷ್ಟೇ ತೋರಿಸುತ್ತದೆ. ಮುಂಗಾರಿನ ದಿಬ್ಬ ಬೇರೆ, ಹಿಂಗಾರಿನದು ಬೇರೆ. ಕಡಲು ಏರುತ್ತಿರುವ ಕಾಲದಲ್ಲಿ, ಮೇಲಿನ ನದಿಗಳಿಂದ ಬರುವ ಮರಳು ಕುಗ್ಗುತ್ತಿರುವಾಗ, ಈ ದಿಬ್ಬವನ್ನು ಪ್ರತಿ ಋತುವಿನಲ್ಲೂ ಅಳೆದು ಎರಡೂ ದೇಶದ ಮೀನುಗಾರರಿಗೂ ಎಂಜಿನಿಯರುಗಳಿಗೂ ತೆರೆದಿಡುವುದು ನಮ್ಮ ಸರ್ಕಾರಗಳ ಕರ್ತವ್ಯ. ಅಳೆಯುವ ವಿದ್ಯೆ ಹೈದರಾಬಾದಿನಲ್ಲಿ ಐವತ್ತು ವರ್ಷದಿಂದ ಬೆಳೆದಿದೆ, ಉಪಗ್ರಹಗಳೂ ಇವೆ. ಧನುಷ್ಕೋಡಿಯನ್ನು ಕಟ್ಟಿದವರ ಬಳಿ ಇವೆರಡೂ ಇರಲಿಲ್ಲ. ಅವರು ತಿಳಿಯದೆ ಮರಳನ್ನು ನಂಬಿದರು. ತಿಳಿದೂ ನಂಬುವ ಹಕ್ಕು ನಮಗಿಲ್ಲ.